ಮೆಣಸಿನಕಾಯಿಯೊಳಗೆ ಬಂದ ಜೋಯಿಸರು

ಗಂಟು ಮೊದಲು ಕಂಡದ್ದು ಫೋಟೋದಲ್ಲಿ.

ಅಕ್ಟೋಬರಿನಲ್ಲಿ ಹಾವೇರಿಯ ಒಂದು ಕಾರ್ಯಕ್ರಮದಲ್ಲಿ ನನಗೆ ಏಲಕ್ಕಿ ಹಾರ ಹಾಕಿದ್ದರು. ಇಪ್ಪತ್ತೆರಡು ವರ್ಷ ಪತ್ರಿಕೆಯ ವರದಿಗಾರ್ತಿಯಾಗಿ ಬೇರೆಯವರ ಕೊರಳಿಗೆ ಬಿದ್ದ ಹಾರಗಳ ಸುದ್ದಿ ಬರೆದವಳು ನಾನು. ನನ್ನ ಕೊರಳಿಗೆ ಬಿದ್ದದ್ದು ಅದೇ ಮೊದಲು. ಮರುದಿನ ಫೋಟೋ ನೋಡುತ್ತಿದ್ದ ನನ್ನ ಗಂಡ ದೇವದಾನ ಅದರ ಮೇಲೆ ಬೆರಳಿಟ್ಟರು.

"ಹಾರ ಎಡಗಡೆ ಯಾಕ ಎದ್ದು ನಿಂತೈತಿ?"

"ಏಲಕ್ಕಿ ದಪ್ಪ ಇರಬೇಕ್ರಿ," ಎಂದೆ.

ಏಲಕ್ಕಿ ಅಲ್ಲ.

ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಥೈರಾಯ್ಡ್‌ನ ಎಡಭಾಗದಲ್ಲಿ ಗಂಟು. ಸೂಜಿ ಹಾಕಿ ತೆಗೆದ ಸ್ಯಾಂಪಲ್‌ನ ರಿಪೋರ್ಟ್ ಕ್ಯಾನ್ಸರ್ ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಅಂಥ ವರದಿಯನ್ನು ನಾನು ಪತ್ರಿಕೆಯ ಡೆಸ್ಕಿಗೆ ಕಳಿಸಿದ್ದರೆ ಹಾಗೇ ವಾಪಸ್ ಬರುತ್ತಿತ್ತು. ಎಡಭಾಗವನ್ನು ಆಪರೇಷನ್ ಮಾಡಿ ತೆಗೆದುಬಿಡೋಣ ಎಂದರು ಸರ್ಜನ್. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿದೆ. ದನಿಯ ನರಕ್ಕೆ ಪೆಟ್ಟಾಗುವ ಸಾಧ್ಯತೆ ಇದೆ ಎಂಬ ಒಂದು ಸಾಲು ಅದರಲ್ಲಿತ್ತು. ಬೆರಳಿಟ್ಟು ತೋರಿಸಿದೆ.

"ಎಲ್ಲಾರಿಗೂ ಹೇಳಬೇಕಾಗಿದ್ದ ಮಾತ್ರಿ ಅದು. ಆಗೂದು ಭಾಳ ಕಡಿಮಿ."

ಸಹಿ ಹಾಕಿದೆ. ಡಿಸೆಂಬರ್ ಮೊದಲ ವಾರ ಆಪರೇಷನ್ ಆಯಿತು. ಎಚ್ಚರವಾದಾಗ ದೇವದಾನ ಹಾಸಿಗೆಯ ಪಕ್ಕದಲ್ಲಿದ್ದರು. ಅವರ ಹೆಸರು ಕರೆಯಲು ಬಾಯಿ ತೆರೆದೆ.

ಗಾಳಿ ಬಂತು. ದನಿ ಬರಲಿಲ್ಲ.

ಗಂಟಲಿಗೆ ಟ್ಯೂಬ್ ಹಾಕಿದ್ದರಿಂದ ಹೀಗಾಗಿದೆ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದು ನರ್ಸ್ ಹೇಳಿದರು. ಎರಡು ದಿನ ಕಳೆಯಿತು. ಮೂರನೆಯ ದಿನ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ದನಿ ಹೊರಡಿಸುವ ಎರಡು ತಂತುಗಳಲ್ಲಿ ಬಲಗಡೆಯ ವೋಕಲ್ ಕಾರ್ಡ್ ಅಲುಗುತ್ತಿತ್ತು. ಎಡಗಡೆಯದು ಸುಮ್ಮನಿತ್ತು.

"ಕೆಮ್ಮ್ರಿ ನೋಡೋಣ," ಎಂದರು ಡಾಕ್ಟರ್.

ಕೆಮ್ಮಿದೆ. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂಥ ಸದ್ದು.

"ಎರಡೂ ಕಾರ್ಡ್ ಬಂದು ಕೂಡಿದ್ರ ಮಾತ್ರ ಕೆಮ್ಮು ಗಟ್ಟಿ ಬರತೈತ್ರಿ. ನಿಮ್ಮ ಎಡಗಡೆದು ಮಲಗೇತಿ. ನರ ಕಡದಿಲ್ಲ, ಜಗ್ಗಿದಂಗಾಗೇತಿ ಅಷ್ಟ. ಒಂದು ತಿಂಗಳಿಗೂ ಏಳಬಹುದು, ಆರು ತಿಂಗಳಿಗೂ ಏಳಬಹುದು."

ಮಗಳು ಚಿಕ್ಕವಳಿದ್ದಾಗ ಬಳಸಿದ ಸ್ಲೇಟನ್ನು ದೇವದಾನ ಮನೆಯಿಂದ ತಂದಿದ್ದರು. ಅದರ ಮೇಲೆ ಬರೆದೆ: "ಏಳದಿದ್ದರೆ?"

"ಅದಕ್ಕೂ ದಾರಿ ಅದಾವ್ರಿ. ಆದ್ರ ಮೊದಲಿನ ದನೀನ ಬರತೈತಿ ಅಂತ ಮಾತ್ರ ನಾ ಬರದು ಕೊಡಾಂಗಿಲ್ಲ."

ಆ ಪ್ರಾಮಾಣಿಕತೆಗೆ ನಾನು ಇವತ್ತಿಗೂ ಋಣಿ. ಆ ದಿನ ಮಾತ್ರ ಗೋಡೆ ಕಡೆ ತಿರುಗಿ ಮಲಗಿದೆ.

ವಾರದ ನಂತರ ಬಯಾಪ್ಸಿ ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ. ಮನೆಯಲ್ಲಿ ನಮ್ಮ ಅತ್ತೆ ಎಸ್ತೇರವ್ವ ಕ್ರಿಸ್ಮಸ್‌ಗೆಂದು ಕರಿದಿಟ್ಟಿದ್ದ ಕರ್ಚಿಕಾಯಿಯನ್ನು ಹಬ್ಬಕ್ಕೆ ಮೊದಲೇ ಓಣಿಗೆಲ್ಲ ಹಂಚಿದರು. ನಾನು ನಕ್ಕೆ. ಸದ್ದಿಲ್ಲದ ನಗು ನೋಡುವವರಿಗೆ ಅಳುವಿನಂತೆಯೇ ಕಾಣುತ್ತದೆ ಎಂದು ಅಂದು ತಿಳಿಯಿತು. ಅತ್ತೆ ಗಾಬರಿಯಾಗಿ ನೀರು ತಂದರು. ನೀರನ್ನೂ ಗದ್ದ ಎದೆಗೆ ಒತ್ತಿಕೊಂಡು ಗುಟುಕು ಗುಟುಕಾಗಿ ಕುಡಿಯಬೇಕಿತ್ತು. ಇಲ್ಲದಿದ್ದರೆ ಶ್ವಾಸಕ್ಕೆ ಹೋಗುತ್ತಿತ್ತು.

ದನಿ ಹೋದವಳ ಜೊತೆ ಜನ ಹೇಗೆ ಮಾತಾಡುತ್ತಾರೆ ಎಂಬುದನ್ನು ಗಮನಿಸಿ ಬರೆದಿಟ್ಟಿದ್ದೇನೆ. ಅರ್ಧ ಜನ ನನಗೆ ಕಿವಿಯೇ ಕೇಳಿಸುವುದಿಲ್ಲ ಎಂಬಂತೆ ಒದರುತ್ತಿದ್ದರು. ಉಳಿದರ್ಧ ಜನ, ನಾನು ಪಿಸುಗುಟ್ಟುತ್ತೇನೆಂದು ತಾವೂ ಪಿಸುಗುಟ್ಟುತ್ತಿದ್ದರು. ಹಾಲಿನ ಈರಪ್ಪ ಬಾಗಿಲಿಗೆ ಬಂದು, ಗುಟ್ಟು ಹೇಳುವವನಂತೆ ಬಗ್ಗಿ, "ಇವತ್ತ ಎಷ್ಟು ಲೀಟರ್ರೀ ಅಕ್ಕಾರ?" ಎಂದು ಉಸುರುತ್ತಿದ್ದ. ಅತ್ತೆ ಒಳಗಿನಿಂದ ಬಯ್ಯುತ್ತಿದ್ದರು. "ಲೇ ಈರ್ಯಾ, ಹಾಲು ಕೇಳ್ತೀಯೋ, ಹೆಣ್ಣು ಕೇಳ್ತೀಯೋ? ಗಟ್ಟಿ ಮಾತಾಡು!"

ಇನ್ನು, ನನಗೆ ದನಿ ಯಾಕೆ ಅಷ್ಟು ಬೇಕಾಗಿತ್ತು ಎಂಬುದನ್ನು ಹೇಳಬೇಕು.

ನಮ್ಮದು ಚಿಕ್ಕ ಲೂಥರನ್ ಕ್ರೈಸ್ತ ಸಭೆ. ಚರ್ಚ್ ಇರುವುದು ಹಾವೇರಿಯಲ್ಲಿ. ಕುಟುಂಬಗಳು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಚದುರಿವೆ. ಗುತ್ತಲದಲ್ಲೊಂದು ಮನೆ. ನಮ್ಮಲ್ಲಿ ಕ್ರಿಸ್ಮಸ್ ಡಿಸೆಂಬರ್ 25ಕ್ಕೆ ಮುಗಿಯುವುದಿಲ್ಲ, ಅಂದು ಶುರುವಾಗುತ್ತದೆ. ಮೂಡಣ ದೇಶದ ಜೋಯಿಸರು ನಕ್ಷತ್ರ ನೋಡಿಕೊಂಡು ಬಂದು ಕೂಸನ್ನು ಕಂಡ ದಿನ ಜನವರಿ 6. ಅದು ಪ್ರಕಟಣೆಯ ಹಬ್ಬ, ಆಗಲೇ ಬಂದಿದ್ದವನು ಲೋಕಕ್ಕೆ ಕಾಣಿಸಿಕೊಂಡ ದಿನ. ಅಲ್ಲಿಯವರೆಗೂ ನಕ್ಷತ್ರ ಇಳಿಸುವುದಿಲ್ಲ, ಕೂಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿ ತೆಗೆಯುವುದಿಲ್ಲ.

ಆದರೆ 25ರಂದು ಗೋದಲಿಯಲ್ಲಿ ಜೋಯಿಸರು ಇರುವುದಿಲ್ಲ. ಅವರು ಇನ್ನೂ ದಾರಿಯಲ್ಲಿದ್ದಾರೆ. ದಾರಿ ಎಂದರೆ ಖರೇ ದಾರಿ: ಗೇಣುದ್ದದ ಮೂರು ಮಣ್ಣಿನ ಬೊಂಬೆಗಳು ಒಂದು ಬಿಸ್ಕಿಟ್ ಡಬ್ಬಿಯಲ್ಲಿ ಕುಳಿತು, ಹನ್ನೆರಡು ದಿನ ಹನ್ನೆರಡು ಮನೆಗೆ ಬಸ್ಸಿನಲ್ಲಿ ಹೋಗುತ್ತವೆ. ದಿನಕ್ಕೊಂದು ಮನೆ, ಒಂದು ಪ್ರಾರ್ಥನೆ, ಒಂದು ಚಹಾ. ಜೋಯಿಸರು ಮೂವರು ಎಂದು ಸುವಾರ್ತೆ ಎಲ್ಲಿಯೂ ಹೇಳಿಲ್ಲ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. "ನಾಲ್ಕನೇದವಗ ಡಬ್ಯಾಗ ಜಾಗ ಇಲ್ಲವಾ," ಎನ್ನುತ್ತಾರೆ ಅತ್ತೆ.

ಹನ್ನೆರಡನೆಯ ಮನೆ ನಮ್ಮದು, ಚರ್ಚಿನ ಹಿಂದಿನ ಓಣಿ. ಮರುದಿನ, 6ರ ಸಂಜೆ, ಬೊಂಬೆಗಳನ್ನು ಗೋದಲಿಗೆ ಸೇರಿಸುವಾಗ ಬೈಬಲಿನಿಂದ ಜೋಯಿಸರ ಪಾಠವನ್ನು ಓದಬೇಕು. ಅದನ್ನು ನಮ್ಮ ಅಪ್ಪ ಓದುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಓದುತ್ತೇನೆ. ವರ್ಷವಿಡೀ ಬೇರೆಯವರ ಮಾತು ಬರೆಯುವವಳಿಗೆ ಅದೊಂದು ದಿನ ಅಪ್ಪನ ದನಿ ನನ್ನ ಗಂಟಲಲ್ಲಿ ಸಿಗುತ್ತಿತ್ತು.

ಈ ವರ್ಷದ ಓದುಗರ ಪಟ್ಟಿಯಲ್ಲಿ 6ರ ಹೆಸರಿನ ಜಾಗವನ್ನು ಪಾಸ್ಟರ್ ಖಾಲಿ ಬಿಟ್ಟಿದ್ದರು. ಅವರು ಮನೆಗೆ ಬಂದಾಗ ಸ್ಲೇಟಿನಲ್ಲಿ ಬರೆದು ತೋರಿಸಿದೆ: "ಬೇರೆ ಯಾರನ್ನಾದರೂ ಹಾಕಿರಿ."

"ನಿಮ್ಮ ಪೇಪರಿನ್ಯಾಗ ಜಾಗ ಖಾಲಿ ಬಿಡಾಂಗಿಲ್ಲ, ಖರೇ," ಎಂದರು. "ಸಭಾದಾಗ ಬಿಡಬಹುದ್ರಿ."

ಕ್ರಿಸ್ಮಸ್ ಮುನ್ನಾದಿನದ ಪಾಠವನ್ನು ದೇವದಾನ ಓದಿದರು. ಅವರು ಹೈಸ್ಕೂಲ್ ಮೇಷ್ಟ್ರು. ಕುರುಬರನ್ನೂ ದೂತರನ್ನೂ ಹಾಜರಿ ಕರೆದ ಹಾಗೆ ಕರೆದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು, ಹಾಡುವವರ ನಡುವೆ ಬಾಯಿ ಮಾತ್ರ ಆಡಿಸುತ್ತಿದ್ದೆ. ಪಾಸ್ಟರ್ ಮಾಡಿದ ಪ್ರಸಂಗ ಚಿಕ್ಕದಾಗಿತ್ತು. ಲೋಕವನ್ನೇ ಮಾತಿನಿಂದ ಉಂಟುಮಾಡಿದವನು ಬಂದಾಗ ಮಾತೇ ಬಾರದ ಕೂಸಾಗಿ ಬಂದ ಎಂದರು. ದೇವರು ಮೊದಲು ಬಂದ, ಮಾತು ಆಮೇಲೆ ಬಂತು ಎಂದರು. ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ಅವರ ಒಳ್ಳೆಯತನ.

ಅತ್ತೆ ನನ್ನ ಕಿವಿಯಲ್ಲಿ, "ಮಾತಾಡಲಿಲ್ಲ, ಒಪ್ಪೇನಿ. ಅತ್ತಿರಬೇಕಲ್ಲ ಕೂಸು?" ಎಂದರು.

26ಕ್ಕೆ ಬಾಡಿಗೆ ಮೈಕು, ಬಾಡಿಗೆ ಕುರ್ಚಿ, ಬಾಡಿಗೆ ದೀಪದ ಸರ ಎಲ್ಲ ಹೋದವು. ಹಬ್ಬಕ್ಕೆ ಪರವೂರಿನಿಂದ ಬಂದ ಮಕ್ಕಳು ಹೋದರು. ನಕ್ಷತ್ರ ಉಳಿಯಿತು. ಪ್ರತಿ ವರ್ಷ ನೋಡುತ್ತಿದ್ದರೂ ನಾನು ಗಮನಿಸಿರಲಿಲ್ಲ: ಬಾಡಿಗೆಗೆ ತಂದದ್ದೆಲ್ಲ ವಾಪಸ್ ಹೋದ ಮೇಲೆ ಉಳಿಯುವ ಕ್ರಿಸ್ಮಸ್ ಒಂದಿದೆ. ಅದು ನಿಧಾನವಾಗಿ, ಬಸ್ಸಿನಲ್ಲಿ ಬರುತ್ತದೆ.

ಈ ಸಲ ಬಸ್ಸಿನ ದಾರಿಯಲ್ಲಿ ಒಂದು ಎಡವಟ್ಟಾಯಿತು. ಬೊಂಬೆಗಳು ಒಡೆಯದಂತೆ ಡಬ್ಬಿಗೆ ತುಂಬಲು ಹಳೆಯ ಪತ್ರಿಕೆಗಳನ್ನು ಕೊಡುತ್ತಿದ್ದವಳು ನಾನು. ಆಸ್ಪತ್ರೆಯ ಗಡಿಬಿಡಿಯಲ್ಲಿ ಅದು ನನಗೂ ನೆನಪಾಗಲಿಲ್ಲ, ಬೇರೆ ಯಾರಿಗೂ ಹೊಳೆಯಲಿಲ್ಲ. ಗುತ್ತಲದಿಂದ ರಾಣೆಬೆನ್ನೂರಿಗೆ ಹೋಗುವಷ್ಟರಲ್ಲಿ ಒಬ್ಬ ಜೋಯಿಸನ ಕಿರೀಟದ ಮೂಲೆ ಹಾರಿತ್ತು. ಹನ್ನೊಂದನೆಯ ಮನೆ ಬ್ಯಾಡಗಿಯ ಶಾಂತವ್ವನದು. ಆಕೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಒಡೆದ ಕಿರೀಟ ನೋಡಿ, ಉಳಿದದ್ದೂ ಒಡೆಯಬಾರದೆಂದು ಆಕೆ ಮನೆಯೆಲ್ಲ ಹುಡುಕಿದಳಂತೆ. ಜನವರಿಯಲ್ಲಿ ಬ್ಯಾಡಗಿಯ ಮನೆಯಲ್ಲಿ ಮೆತ್ತಗಿನ, ಹಗುರಾದ, ಕೈಗೆ ಸಿಗುವ ಸಾಮಾನು ಒಂದೇ. ಡಬ್ಬಿಯ ತುಂಬ ಒಣ ಮೆಣಸಿನಕಾಯಿ ಹಾಸಿ, ಜೋಯಿಸರನ್ನು ಮಲಗಿಸಿ, ಮೇಲೆ ಮತ್ತಷ್ಟು ತುರುಕಿ, ಮುಚ್ಚಳ ಬಿಗಿದು, 5ರ ಸಂಜೆ ಬಸ್ ಹತ್ತಿ ನಮ್ಮ ಮನೆಗೆ ಬಂದಳು.

ಪ್ರಾರ್ಥನೆ ಮುಗಿಯಿತು. ಅತ್ತೆ ಚಹಾಕ್ಕೆ ಒಳಗೆ ಹೋದರು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಉಗುರು ಹಾಕಿ, ಮುಚ್ಚಳ ಕಿತ್ತೆ.

ಕೆಂಪು ಧೂಳು ಮುಖಕ್ಕೆ ಎದ್ದಿತು.

ಕೆಮ್ಮಿದೆ. ಒಮ್ಮೆ ಗಾಳಿ. ಎರಡನೆಯ ಸಲವೂ ಗಾಳಿ. ಮೂರನೆಯ ಕೆಮ್ಮು ಎದೆಯಿಂದ ಬಂದು ಗಂಟಲಿಗೆ ಬಡಿಯಿತು. ಗೋಡೆಗೆ ಬಾಗಿಲು ಬಡಿದಂತೆ. ಗಟ್ಟಿಯಾಗಿ, ಒರಟಾಗಿ, ಸದ್ದು ಮಾಡಿ.

ಅಡುಗೆಮನೆಯಿಂದ ಅತ್ತೆ, "ಯಾರದು ಕೆಮ್ಮಿದ್ದು?" ಎಂದರು.

ದೇವದಾನ ಎದ್ದು ನಿಂತಿದ್ದರು. ಶಾಂತವ್ವ ಮಾತ್ರ ಏನೂ ಗೊತ್ತಾಗದೆ ಕೈ ಕೈ ಹಿಸುಕಿಕೊಳ್ಳುತ್ತಿದ್ದಳು.

"ತಪ್ಪಾತ್ರೀ ಅಕ್ಕಾರ! ಒಡದಾವು ಅಂತ ಇಟ್ಟೇನ್ರಿ. ನಮ್ಮ ಬ್ಯಾಡಗಿ ಕಾಯಿ ಖಾರ ಇರಾಂಗಿಲ್ರೀ, ಬರೇ ಬಣ್ಣ!"

"ಸುಮ್ನಿರು ಶಾಂತವ್ವ," ಎಂದು ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. "ಪ್ರೇಮಾ, ಇನ್ನೊಂದ್ಸಲ ಮೂಸು."

"ಅವ್ವಾ, ಹುಚ್ಚೇನು ನಿನಗ?" ಎಂದರು ದೇವದಾನ. ಅವರಿಗೆ ಆಗಲೇ ಡಾಕ್ಟರ್ ಫೋನಿನಲ್ಲಿ ಸಿಕ್ಕಿದ್ದರು. "ಸರ್, ಕೆಮ್ಮಿದಳ್ರಿ! ಗಟ್ಟಿ ಕೆಮ್ಮಿದಳು!" ಯಾವ ಡಾಕ್ಟರಿಗೂ ಯಾರೂ ಅಷ್ಟು ಸಂತೋಷದಿಂದ ಕೆಮ್ಮಿನ ಸುದ್ದಿ ಕೊಟ್ಟಿರಲಿಕ್ಕಿಲ್ಲ. ಸ್ಪೀಕರಿನಲ್ಲಿ ಅವರ ನಗು ಕೇಳಿಸಿತು.

"ಚಲೋ ಸುದ್ದಿ. ನಾಳೆ ಮುಂಜಾನೆ ಕರಕೊಂಡು ಬರ್ರಿ. ಆದ್ರ ಮೆಣಸಿನಕಾಯಿ ನಾ ಬರದ ಚೀಟ್ಯಾಗಿಲ್ಲ, ಡಬ್ಬಿ ಮುಚ್ಚಿಡ್ರಿ."

6ರ ಬೆಳಿಗ್ಗೆ ಮತ್ತೆ ಕ್ಯಾಮೆರಾ ಇಳಿಸಿದರು. ಎಡಗಡೆಯ ಕಾರ್ಡ್ ಅಲುಗಿತು. ಪೂರ್ತಿ ಅಲ್ಲ, ಅರ್ಧ ನಿದ್ದೆಯಲ್ಲಿ ಮಗ್ಗಲು ಬದಲಿಸಿದಷ್ಟು. ಮೆಣಸಿನಕಾಯಿ ನರವನ್ನು ವಾಸಿ ಮಾಡಿತು ಎಂದು ನಾನು ಬರೆಯುತ್ತಿಲ್ಲ; ಯಾರಾದರೂ ಬರೆದು ಕಳಿಸಿದರೆ ಆ ಸಾಲನ್ನೇ ಹೊಡೆದುಹಾಕುತ್ತೇನೆ. ನರ ತನ್ನಷ್ಟಕ್ಕೆ ಎಂದೋ ಏಳತೊಡಗಿತ್ತು. ಹೆದರಿ ಪಿಸುಗುಟ್ಟುತ್ತಲೇ ಇದ್ದ ನನಗೆ ಅದು ಗೊತ್ತಿರಲಿಲ್ಲ. ಬಂದಾಗಿದ್ದದ್ದನ್ನು ಶಾಂತವ್ವನ ಡಬ್ಬಿ ತೋರಿಸಿಕೊಟ್ಟಿತು. ಪ್ರಕಟಣೆ ಎಂದರೆ ಅಷ್ಟೇ ಇರಬೇಕು.

"ಇವತ್ತು ಸಂಜಿಗೆ ಓದಬಹುದೇನ್ರಿ?" ಎಂದು ಕೇಳಿದೆ. ಒಡೆದ ಕೊಳಲಿನಂಥ ದನಿ. ಆದರೆ ದನಿ.

"ಒತ್ತಿ ಓದಬ್ಯಾಡ್ರಿ. ಎಷ್ಟು ಬರತೈತಿ ಅಷ್ಟ."

ಸಂಜೆ ಪಾಸ್ಟರ್ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದರು. ಚರ್ಚಿನಲ್ಲಿ ಎಂದಿನಂತೆ ಮುಂದಿನ ನಾಲ್ಕು ಬೆಂಚು ಖಾಲಿ, ಹಿಂದೆ ಜನ ಒತ್ತಿಕೊಂಡು. ನಮ್ಮ ಸಭೆಯಲ್ಲಿ ಮುಂದೆ ಕುಳಿತುಕೊಳ್ಳುವುದು ಮದುವೆಯಾಗುವವರು ಮಾತ್ರ. ಮೈಕ್ ಇಲ್ಲ. ಮೊದಲ ವಾಕ್ಯ ಓದಿದೆ. ಎರಡನೆಯದಕ್ಕೆ ದನಿ ಹರಿಯಿತು. ಮೂರನೆಯದು ಬರೀ ಉಸಿರು.

ನಿಲ್ಲಿಸಿದೆ. ಅಪ್ಪನ ದನಿ ಸಿಗಲಿಲ್ಲ. ಪುಸ್ತಕವನ್ನು ದೇವದಾನರ ಕೈಗೆ ಕೊಡೋಣ ಎಂದು ತಲೆ ಎತ್ತಿದೆ.

ಹಿಂದಿನ ಸಾಲಿನಿಂದ ಶಾಂತವ್ವ ಎದ್ದಳು. "ಕೇಳಸವಲ್ದ್ರೀ ಅಕ್ಕಾರ, ತಡೀರಿ," ಎಂದು ಚಪ್ಪಲಿಯಿಲ್ಲದ ಕಾಲಲ್ಲಿ ನಡೆದು ಬಂದು ಮೊದಲ ಬೆಂಚಿನಲ್ಲಿ ಕುಳಿತಳು. ಅವಳ ಹಿಂದೆ ನಮ್ಮ ಅತ್ತೆ. ಆಮೇಲೆ ರಾಣೆಬೆನ್ನೂರಿನವರು, ಗುತ್ತಲದವರು. ಒಬ್ಬರ ಹಿಂದೆ ಒಬ್ಬರು, ಸೆರಗು ಸರಿಪಡಿಸಿಕೊಳ್ಳುತ್ತ, ಕೂಸುಗಳನ್ನು ಎತ್ತಿಕೊಂಡು, ಬೆಂಚುಗಳ ನಡುವಿನ ದಾರಿಯಲ್ಲಿ ನಡೆದು ಬಂದರು. ಬೆಂಚು ಸಾಲದೆ ಕೆಲವರು ಗೋದಲಿಯ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು. ಹಿಂದಿನ ಸಾಲುಗಳೆಲ್ಲ ಬರಿದಾದವು.

ಆಗ ಓದಿದೆ. ಪಿಸುಮಾತಿನಲ್ಲಿ, ನಡುವೆ ಎಲ್ಲೋ ಒಂದೊಂದು ಪದಕ್ಕೆ ದನಿ ಸಿಕ್ಕು, ಮತ್ತೆ ಹೋಗಿ, ಕೊನೆಯ ಸಾಲಿನವರೆಗೂ. ಯಾರೂ ಕೆಮ್ಮಲಿಲ್ಲ.

ಆರಾಧನೆ ಮುಗಿದ ಮೇಲೆ ಪಾಸ್ಟರ್ ಬಾಗಿಲಲ್ಲಿ ಕೈ ಕುಲುಕಿದರು. "ಹತ್ತು ವರ್ಷದಿಂದ ಮುಂದ ಬರ್ರಿ, ಮುಂದ ಬರ್ರಿ ಅಂತ ಗಂಟಲ ಹರಕೊಂಡೇನ್ರಿ. ನೀವು ಪಿಸುಗುಟ್ಟಿ ತಂದು ಕುಂದ್ರಿಸಿದ್ರಿ!"

ಈಗ ಫೆಬ್ರವರಿ. ಸ್ಪೀಚ್ ಥೆರಪಿ ನಡೆದಿದೆ. ಸಂಜೆಯಾದರೆ ದನಿ ಒಡೆಯುತ್ತದೆ. ಎತ್ತರದ ಹಾಡು ಬರುವುದಿಲ್ಲ. ಬಂದೀತು ಎಂದು ಡಾಕ್ಟರೂ ಬರೆದುಕೊಟ್ಟಿಲ್ಲ, ನಾನೂ ಕೇಳಿಲ್ಲ. ಈರಪ್ಪ ಈಗಲೂ ಪಿಸುಗುಟ್ಟುತ್ತಾನೆ, ರೂಢಿಯಾಗಿಬಿಟ್ಟಿದೆ.

ಜೋಯಿಸರನ್ನು ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿ ಕಟ್ಟಿಟ್ಟೆವು. ನಾನು ಹಳೆಯ ಪತ್ರಿಕೆಗಳ ಕಟ್ಟು ತಂದೆ. ಅತ್ತೆ ಮೆಣಸಿನಕಾಯಿಗಳನ್ನೆಲ್ಲ ಮೊರಕ್ಕೆ ಸುರುವಿಕೊಂಡು, ಒಂದನ್ನು ಆರಿಸಿ, ಕಿರೀಟ ಮುರಿದವನ ಮಗ್ಗುಲಲ್ಲಿ ಇಟ್ಟರು.

"ಅದ್ಯಾಕ್ರಿ ಅತ್ತಿ?" ಎಂದೆ.

"ನಾಲ್ಕನೇದವ," ಎಂದು ಮುಚ್ಚಳ ಒತ್ತಿದರು.