ಅಕ್ಕನ ಕಾಲು, ತಮ್ಮನ ಬ್ರೇಕು

ಡ್ರೈವಿಂಗ್ ಕಲಿಸುವ ಆ ಹೆಂಗಸನ್ನು ಎಲ್ಲರೂ ಬ್ರೇಕ್ ಅಕ್ಕ ಎಂದೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಡೆಯ ಎರಡನೇ ಬ್ರೇಕ್ ಪೆಡಲ್ ಮೇಲೆ ಪಾದ ಇಟ್ಟುಕೊಂಡು ಅರ್ಧ ಊರಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವಳು. ಬ್ಯಾಂಕ್ ಮ್ಯಾನೇಜರ್ ಇರಲಿ, ಕಾಲೇಜು ಹುಡುಗಿ ಇರಲಿ, ಬೈಗುಳದಲ್ಲಿ ಮಾತ್ರ ಭೇದವಿಲ್ಲ. "ರಸ್ತೆ ನಿಮ್ಮಪ್ಪಂದಲ್ಲ, ಸ್ವಲ್ಪ ಎಡಕ್ಕೆ ಬನ್ನಿ" ಎನ್ನುವಳು. ಬೈಸಿಕೊಂಡರೂ ಜನ ಅವಳ ಹತ್ತಿರವೇ ಬರುತ್ತಿದ್ದರು, ಆ ಕಾಲಿನ ಮೇಲೆ ಅಷ್ಟು ಭರವಸೆ. ಅವಳ ಅನ್ನವೂ ಮರ್ಯಾದೆಯೂ ಆ ಕಾಲೇ.

ತಮ್ಮನದು ಗ್ಯಾರೇಜು. ಅವನನ್ನು ಎತ್ತಿ ಆಡಿಸಿದವಳೂ ಮೊದಲ ಸ್ಪ್ಯಾನರ್ ಕೊಡಿಸಿದವಳೂ ಇವಳೇ. ಆಳಿಲ್ಲದ ಕಾಲದಲ್ಲಿ ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ ಅವನಿಗೆ ಅಕ್ಕನೇ ಜೊತೆ. ಅವಳು ಒಳಗೆ ಕೂತು ಪೆಡಲ್ ಒತ್ತುವಳು, ಅವನು ಚಕ್ರದ ಬಳಿ ಮಲಗಿ ಗಾಳಿ ಹೊರಬಿಡುವ ಪುಟ್ಟ ನಿಪ್ಪಲ್ ತೆರೆದು ಮುಚ್ಚುವನು. "ಒತ್ತಕ್ಕ. ಹಿಡ್ಕೋ. ಬಿಡು." ಮುಚ್ಚುವ ಮೊದಲೇ ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ ನುಗ್ಗಿ ಪೆಡಲ್ ಮೆತ್ತಗಾಗುತ್ತದೆ. ಒಳಗೆ ಕೂತವರಿಗೆ ಏನೂ ಕಾಣುವುದಿಲ್ಲ, ಹೊರಗಿನ ದನಿಯನ್ನು ನಂಬಬೇಕು ಅಷ್ಟೆ. ಗಾಳಿ ಮೇಲಕ್ಕೇರುತ್ತದೆ, ಅದಕ್ಕೇ ನಿಪ್ಪಲ್ ಯಾವಾಗಲೂ ಮೇಲ್ಗಡೆ ಇರಬೇಕು ಎಂದು ಅವಳಿಗೆ ಹೇಳಿಕೊಟ್ಟವನೂ ಅವನೇ.

ಕಲಿಯುವವರ ಕ್ಷೇಮಕ್ಕೆಂದು ಈ ಸಲ ಮುಂದಿನ ಎರಡೂ ಚಕ್ರಗಳಿಗೆ, ಚಕ್ರದ ತಟ್ಟೆಯನ್ನು ಕಚ್ಚಿ ನಿಲ್ಲಿಸುವ ದೊಡ್ಡ ಕ್ಯಾಲಿಪರ್ ಹಾಕಿಸಿದಳು. ತಮ್ಮನೇ ಖುದ್ದಾಗಿ ಕೂರಿಸಿ ಕಾರು ಮನೆಗೆ ತಂದು ಬಿಟ್ಟ. ಒತ್ತಿ ನೋಡಿದರೆ ಪೆಡಲ್ ಹಳೇ ದಿಂಬಿನ ಹಾಗೆ ಕುಸಿಯಿತು. ವಾಪಸ್ ಒಯ್ದಳು. ಅವನು ಪಟಪಟನೆ ನಾಲ್ಕು ಸಲ ತುಳಿದು, ಗಿರಾಕಿಗಳ ಮುಂದೆಯೇ, "ಬ್ರೇಕ್ ಸರಿಯಾಗೇ ಇದೆ. ಮಂಡಿ ನೋವು ಅಂತಿದ್ಯಲ್ಲ, ನಿನ್ನ ಕಾಲಲ್ಲೇ ಕಸುವಿಲ್ಲ" ಎಂದ. ಎಲ್ಲರೂ ನಕ್ಕರು. ಬೇರೆಯವರು ಅಂದಿದ್ದರೆ ನೀರಿಳಿಸಿಬಿಡುತ್ತಿದ್ದಳು. ತಮ್ಮ ತಾನೇ ಎಂದು ಅವಳೂ ನಕ್ಕಳು.

ಮುಂದಿನ ವಾರ ಕಲಿಯಲು ಬಂದ ಮೇಷ್ಟ್ರು ಗಾಬರಿಯಲ್ಲಿ ಕಾರನ್ನು ಗೋಡೆಯತ್ತ ನುಗ್ಗಿಸಿದರು. ಅವಳು ಒತ್ತಿದ ಪೆಡಲ್ ತಳ ಮುಟ್ಟಿತು. ಇನ್ನೊಮ್ಮೆ ಒತ್ತುವಷ್ಟರಲ್ಲಿ ಬಂಪರ್ ಗೋಡೆಗೆ ಬಡಿದಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಅವಳು ಅಂದಿನ ಪಾಠ ಅಲ್ಲಿಗೇ ನಿಲ್ಲಿಸಿದಳು. ಸೀದಾ ತಮ್ಮನ ಮನೆಗೆ ಹೋಗಿ, "ಇನ್ನು ಕಲಿಸಲ್ಲ ಕಣೋ. ನನ್ನ ಕಾಲನ್ನ ನಂಬಿ ಯಾರಾದ್ರೂ ಸತ್ರೆ?" ಎಂದು ಅತ್ತಳು. ಅವನು ಕಾಫಿ ಕೊಟ್ಟು ಬೆನ್ನು ಸವರಿ, "ಸಾಕು ಬಿಡಕ್ಕ, ಎಷ್ಟು ಅಂತ ದುಡೀತೀಯ" ಎಂದ. ಎಂಥ ತಮ್ಮ ನನಗೆ ಎಂದುಕೊಂಡಳು, ಪಾಪ.

ಕಾರನ್ನು ಮಾರುವುದೆಂದಾಯಿತು. ಕೊನೆಯ ಸಲ ತಾನೇ ತೊಳೆಯಲು ನಿಂತಳು. ಒಂದು ಪಕ್ಕಕ್ಕೆ ತಿರುಗಿದ್ದ ಮುಂದಿನ ಚಕ್ರದ ಹಿಂದಿನ ಕೆಸರು ಇಳಿದಾಗ ನಿಪ್ಪಲ್ ಕಂಡಿತು, ನೆಲ ನೋಡುತ್ತಿತ್ತು. ಆ ಕಡೆಯದ್ದೂ ಹಾಗೇ. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದ್ದ. ಒಳಗೆ ಕೂತು ಒತ್ತಿದಳು, ಕುಸಿಯಿತು. ತಕ್ಷಣ ಮತ್ತೆ ಒತ್ತಿದಳು, ಗಟ್ಟಿಯಾಯಿತು. ಕಾಲಿನ ದೋಷವಾಗಿದ್ದರೆ ಎರಡನೇ ಸಲಕ್ಕೆ ಕಸುವು ಎಲ್ಲಿಂದ ಬರಬೇಕು? ಒಳಗೆ ಗಾಳಿ ನಿಂತಿತ್ತು. ಅದೇ ಕಾರನ್ನು ಮೆಲ್ಲಗೆ ಗ್ಯಾರೇಜಿಗೆ ಓಡಿಸಿದಳು.

ಗ್ಯಾರೇಜಿನಲ್ಲಿ ತಮ್ಮ ಒಬ್ಬನೇ ಇದ್ದ.

"ನಿಂಗೆ ಯಾವಾಗ ಗೊತ್ತಾಯ್ತು?"

ಅವನು ಕೈ ಒರೆಸುತ್ತಲೇ ಇದ್ದ. "ನೀನು ವಾಪಸ್ ತಂದ ದಿನಾನೇ. ನೀನು ಹೋದ್ಮೇಲೆ ಹೊಳೀತು. ಅಷ್ಟೊತ್ತಿಗೆ ಎಲ್ಲರ ಮುಂದೆ ನಿನ್ನ ಕಾಲು ಅಂದುಬಿಟ್ಟಿದ್ದೆ. ಅಕ್ಕನ ಬ್ರೇಕನ್ನೇ ತಿರುಗಾಮುರುಗಾ ಕೂರಿಸಿದ ಅಂದ್ರೆ ಇಲ್ಲಿಗೆ ಯಾರು ಬರ್ತಾರೆ?"

"ಮೇಷ್ಟ್ರು ಗೋಡೆಗೆ ಗುದ್ದಿದ ದಿನ?"

"ನೀನೇ ನಿಲ್ಲಿಸ್ತೀನಿ ಅಂದ್ಯಲ್ಲ ಅಕ್ಕ. ಆಮೇಲೆ ಸದ್ದಿಲ್ದೆ ಸರಿ ಮಾಡೋಣ ಅಂತ..."

"ನನ್ನನ್ನ ಮೂಲೇಲಿ ಕೂರಿಸಿ, ಆಮೇಲೆ ಕಾರು ಸರಿ ಮಾಡ್ತಿದ್ಯಾ? ಈಗ ಮಾಡು, ನನ್ನ ಕಣ್ಣೆದುರಿಗೆ."

ಅವನು ತಲೆ ತಗ್ಗಿಸಿಕೊಂಡು ಎರಡನ್ನೂ ಅದಲುಬದಲು ಮಾಡಿದ. ಗಾಳಿ ತೆಗೆಯುವ ಹೊತ್ತಿಗೆ ಹಳೇ ಅಭ್ಯಾಸದಂತೆ ಅವಳೇ ಒಳಗೆ ಕೂತಳು.

"ಒತ್ತಕ್ಕ. ಹಿಡ್ಕೋ." ಸ್ವಲ್ಪ ಹೊತ್ತಾದ ಮೇಲೆ, "ಬಿಡು."

ಅವಳು ಕಾಲೆತ್ತಲಿಲ್ಲ. "ಮುಚ್ಚಿದೀಯಾ?"

ಇಷ್ಟು ವರ್ಷಗಳಲ್ಲಿ ಅವಳು ಅವನನ್ನು ಹೀಗೆ ಕೇಳಿದ್ದೇ ಇಲ್ಲ.

"ಮುಚ್ಚಿದೀನಿ ಅಕ್ಕ."

ಪ್ರತಿ ಸಲವೂ ಕೇಳಿದಳು. ಪ್ರತಿ ಸಲವೂ ಅವನು ಹೇಳಿದ, ದನಿ ಇಳಿಯುತ್ತಾ ಬಂತು. ಕೊನೆಗೆ ಪೆಡಲ್ ಕಲ್ಲಿನಂತೆ ನಿಂತಿತು. ಅವಳ ಕಾಲು ಮೊದಲಿನಂತೆಯೇ ಇತ್ತು, ನಾಳೆಯಿಂದ ಮತ್ತೆ ಪಾಠ ಶುರು ಮಾಡಬಹುದಿತ್ತು. ಆದರೆ ಕಾಲೇ ಕೆಟ್ಟಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವಳಿಗೆ ಅನ್ನಿಸಿತು.