ಹನ್ನೊಂದು ಮೋಟಾರು, ಒಂದು ಟಿಸಿ

ಹಾಸನ ಜಿಲ್ಲೆಯ ದುದ್ದದ ಆಚೆಯ ಆ ಹಳ್ಳಿಯಲ್ಲಿ ನಾನು ಮಾತು ಮುಗಿಸುವ ಮೊದಲೇ ಹನ್ನೊಂದು ಜನ ರೈತರು ಒಪ್ಪಿಬಿಟ್ಟರು. ನನಗೆ ಹೆದರಿಕೆಯಾಯಿತು. ನಮ್ಮ ವಿಜಯಪುರದ ಕಡೆ ಒಂದು ಹೂಂ ಅನ್ನಿಸಿಕೊಳ್ಳಲು ನಾಲ್ಕು ಸಲ ಜಗಳವಾಡಬೇಕು. ಒಲ್ಲದ ಮಾತಿಗೆ ಮುಖಕ್ಕೇ ಒಲ್ಲೆ ಅನ್ನುತ್ತಾರೆ. ಇಲ್ಲಿ "ಆಗ್ಲಿ ಬುಡವ್ವ" ಎಂದು ಎಳನೀರು ಕೆತ್ತಿ ಕೊಟ್ಟರು.

ಹಾಸನಕ್ಕೆ ಬಂದು ಹತ್ತು ತಿಂಗಳು. ಒಂಟಿ ಹೆಂಗಸಿಗೆ ಮನೆ ಕೊಡುವ ಬಗ್ಗೆ ಯೋಚಿಸಿ ಹೇಳುತ್ತೇವೆ ಎಂದ ಮೂರು ಮನೆಯವರು ಇನ್ನೂ ಯೋಚಿಸುತ್ತಿದ್ದಾರೆ. ನಾಲ್ಕನೆಯವರ ಮಹಡಿ ಮೇಲಿನ ಕೋಣೆಯಲ್ಲಿದ್ದೇನೆ. ಜೋಳದ ರೊಟ್ಟಿ ಬಿಟ್ಟು ಮುದ್ದೆ ನುಂಗುವುದನ್ನು ಕಲಿತಿದ್ದೇನೆ. ಕಲಿಯಲಾಗದ್ದು ಈ ಜನರ ಒಪ್ಪಿಗೆಯ ಅರ್ಥ.

ನಾನು ವಿದ್ಯುತ್ ಸಲಹೆಗಾರ್ತಿ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಡದಂತೆ ನೋಡಿಕೊಳ್ಳುವ ದಾರಿ ಹೇಳುವುದು ನನ್ನ ಕೆಲಸ. ಕರೆಂಟು ಬಂದ ಕೂಡಲೇ ತಾನಾಗಿ ಮೋಟಾರು ಚಾಲೂ ಮಾಡುವ 'ಆಟೋ' ಎಂಬ ಡಬ್ಬಿ ಎಲ್ಲರ ಪಂಪ್‌ಹೌಸಿನಲ್ಲೂ ಇರುತ್ತದೆ. ಹನ್ನೊಂದೂ ಮೋಟಾರು ಒಂದೇ ಏಟಿಗೆ ಎದ್ದರೆ ಟಿಸಿ ತಡೆಯುವುದಿಲ್ಲ. ಅದನ್ನು ಬಿಚ್ಚಿಡಿ, ಒಬ್ಬರಾದ ಮೇಲೊಬ್ಬರು ಕೈಯಿಂದ ಚಾಲೂ ಮಾಡಿ ಎಂದೆ. ಟಿಸಿ ಸುಡದೆ ಈ ಬೇಸಿಗೆ ದಾಟಿದರೆ ಇದೇ ಯೋಜನೆ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿಗೂ ಹೋಗುವುದಿತ್ತು. ಟಿಸಿ ಸುಟ್ಟರೆ ಯೋಜನೆ ಅಲ್ಲಿಗೇ ಮುಗಿಯಿತು ಎಂದು ನನ್ನನ್ನು ಕಳಿಸಿದ ಕಂಪನಿ ಮೊದಲೇ ಹೇಳಿತ್ತು.

ಊರಿನ ಹಿರಿಯ ಜವರಪ್ಪನವರು ಎಲ್ಲರೆದುರು ತಮ್ಮ ಆಟೋ ಬಿಚ್ಚಿ ನನ್ನ ಕೈಗೇ ಕೊಟ್ಟರು. ಉಳಿದವರೂ ಬಿಚ್ಚಿದರು. ಆ ಸಂಜೆ ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತಾ ಬಂದೆ.

ಎರಡು ತಿಂಗಳಿಗೆ ಟಿಸಿ ಸುಟ್ಟಿತು. ಓಡಿ ಹೋಗಿ ಒಂದೊಂದೇ ಪಂಪ್‌ಹೌಸಿನ ಬಾಗಿಲು ತೆಗೆಸಿದೆ. ಎಲ್ಲದರಲ್ಲೂ ಹೊಸ ಆಟೋ! ಜವರಪ್ಪನವರದರಲ್ಲೂ.

"ಎಲ್ರೂ ಬಿಚ್ಚವ್ರೆ, ನಂದೊಂದು ಇದ್ರೆ ಟಿಸಿಗೇನಾದಾತು ಅಂತ ಆಕುಸ್ದೆ ಕಣವ್ವ" ಎಂದರು. ಹನ್ನೊಂದು ಜನರೂ ಇದನ್ನೇ ಹೇಳಿದರು. ಯಾರ ಮುಖದಲ್ಲೂ ಕಪಟವಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಉರಿಸಿತು.

"ಬ್ಯಾಸ್ರ ಮಾಡ್ಕಬ್ಯಾಡಿ. ಉಂಡ್ಕಂಡು ಓಗಿ" ಎಂದರು ಜವರಪ್ಪನವರು.

"ನಿಮ್ಮ ಊಟ ಬೇಡ" ಎಂದು ಕೂಗಿಬಿಟ್ಟೆ. ಜವರಪ್ಪನವರು ತಲೆ ತಗ್ಗಿಸಿದರು. ಆ ಮಾತು ಆಡಬಾರದಿತ್ತು.

ಕಂಪನಿ ಯೋಜನೆ ನಿಲ್ಲಿಸಿತು. ಸಿಟ್ಟು ಇಳಿಯದೆ ಊರಿಗೆ, ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಆ ಮಂದಿನ ಹಂಗ. ಬಿಟ್ಟು ಬಾರವಾ" ಎಂದ.

ನಾನು ಈ ಕೆಲಸಕ್ಕೆ ಸೇರಿದಾಗಲೇ ತನ್ನ ಹೊಲದ ಆಟೋ ಬಿಚ್ಚಿದ್ದೇನೆ ಎಂದು ಅಣ್ಣ ಹೇಳಿದ್ದು ನೆನಪಾಯಿತು. ಕೇಳಿದೆ. ಅದು ಈಗಲೂ ಬಿಚ್ಚಿಯೇ ಇದೆಯೇ ಎಂದು.

"ಎಲ್ಲಾರೂ ತಗದಾರಲ್ಲ, ನಮ್ದೊಂದ ಇದ್ರ ಏನಾಗ್ತೈತಿ?" ಎಂದ.

"ಹಾಸನದ ಮಂದಿಗೆ ಏನೂ ಅನಬ್ಯಾಡ ನೀ. ಮೊದಲ ನಿಂದು ಬಿಚ್ಚು!" ಎಂದು ಕಿರುಚಿದೆ. ಅವರ ಪರವಾಗಿ ಮಾತಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮುಂದಿನ ಕೆಲಸ ವಿಜಯಪುರದಲ್ಲೇ ಕೊಡುತ್ತೇವೆ, ಹೋಗುತ್ತೀರಾ ಎಂದು ಕಂಪನಿಯವರು ಕೇಳಿದ್ದಾರೆ. ಉತ್ತರ ಬರೆದಿಲ್ಲ. ಅಂದಿನಿಂದ ಅಣ್ಣ ನನ್ನ ಫೋನ್ ಎತ್ತುತ್ತಿಲ್ಲ. ಜವರಪ್ಪನವರ ಫೋನ್ ನಾನು ಎತ್ತುತ್ತಿಲ್ಲ.