ಅಕ್ಕನ ಹಾಡು ಹಾಡಿದ ಉರಿ

ನಲವತ್ತರ ದಶಕದ ನಮ್ಮ ಬಿಜಾಪುರದಲ್ಲಿ ಹೆಣ್ಣು ನೋಡಲು ಬಂದವರು "ಒಂದು ಹಾಡು ಹೇಳವಾ" ಎನ್ನದೆ ಶಿರಾ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ನಿಮ್ಮ ಮನೆಗಳಲ್ಲೂ ಹಾಗೇ ಇದ್ದೀತು. ನನ್ನ ಅಕ್ಕ ಶಾಂತಾ ಅಡಿಗೆಮನೆಯಲ್ಲಿ ಎಷ್ಟು ಸ್ವೀಟ್ ಆಗಿ ಹಾಡುತ್ತಿದ್ದಳು! ಹೊರಗಿನವರೆದುರು ಕೂತರೆ ಮಾತ್ರ ಗಂಟಲು ಕಟ್ಟಿಬಿಡುತ್ತಿತ್ತು. ಎರಡು ಕಡೆಯವರು ಎದ್ದು ಹೋಗಿದ್ದರು. ಆ ಬೇಸಿಗೆ ಸಾರವಾಡದವರು ಬರುವವರಿದ್ದರು. ಹುಡುಗನನ್ನು ಅಕ್ಕ ತೊರವಿಯ ಜಾತ್ರೆಯಲ್ಲಿ ಒಮ್ಮೆ ನೋಡಿದ್ದಳು. "ಈ ಸಲ ಆಗಬೇಕಲೇ ತಂಗಿ," ಎಂದಷ್ಟೇ ನನ್ನ ಕಿವಿಯಲ್ಲಿ ಹೇಳಿದಳು.

ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ನಮ್ಮ ಕಾಕಾ, ಅಕ್ಕ ಹೊರಗಿನವರೆದುರು ಕೂರದೆಯೇ ಹಾಡಲೆಂದು ಒಂದು ಎಕ್ಸ್‌ಪೆರಿಮೆಂಟ್ ಹೂಡಿದ. ಪಡಸಾಲೆಯಲ್ಲಿ ಸಿನೆಮಾ ಮಶೀನಿನ ದೀಪಕ್ಕೆ ಉರಿಸುವ ಎರಡು ಕಾರ್ಬನ್ ಕಡ್ಡಿ, ಬ್ಯಾಟರಿಗಳ ಸಾಲು. ಒಳಕೋಣೆಯಲ್ಲಿ ಅಕ್ಕನ ಮುಂದೆ ಹಳೆಯ ಟೆಲಿಫೋನಿನ ಬಾಯಿ. ನಡುವೆ ತಂತಿ.

"ದನಿ ಬರೂ ಭೋಂಗಾ ಎಲ್ಲೈತ್ರಿ ಕಾಕಾ?" ಎಂದೆ.

"ಉರಿನಽ ಭೋಂಗಾ. ಆಕಿ ದನಿ ಏರಿಳಿದಂಗ ಕರೆಂಟ್ ಏರಿಳಿತೈತಿ. ಉರಿ ಒಮ್ಮೆ ಹೆಚ್ಚು ಕಾಯ್ತೈತಿ, ಒಮ್ಮೆ ಕಮ್ಮಿ. ಸುತ್ತಿನ ಗಾಳಿ ಹಿಗ್ಗತೈತಿ, ಕುಗ್ಗತೈತಿ. ಕಿವಿಗೆ ಬಡಿಯೂದು ಅದಽ."

ಸಾರವಾಡದವರು ಬಂದು ಕೂತರು. ಕಾಕಾ ಕಡ್ಡಿಗಳನ್ನು ತಾಗಿಸಿ ತುಸು ಬಿಡಿಸಿದ. ನಡುವೆ ನೀಲಿ ಉರಿ ಸುಯ್ಯೆಂದಿತು. ನಾನು ಪರದೆಯ ಬಳಿ ನಿಂತು ಅಕ್ಕನಿಗೆ ಕಣ್ಸನ್ನೆ ಮಾಡಿದೆ. ಅವಳು ಒಳಗೆ ತೊಟ್ಟಿಲ ಹಾಡು ಎತ್ತಿದಳು. ಹೊರಗೆ ಉರಿ ಹಾಡಿತು, ತೆಳ್ಳಗೆ, ಕ್ಲಿಯರ್ ಆಗಿ, ಅಕ್ಕನದೇ ದನಿಯಲ್ಲಿ.

ಹಾಡು ಮುಗಿದು ಅಕ್ಕ ಹೊರಗೆ ಬಂದಳು. ಹುಡುಗನ ಅಜ್ಜಿ ಎದ್ದು ಬಂದು ಅವಳ ಕಾಲಿಗೆ ಬಿದ್ದಳು.

"ಅಯ್ಯ, ಆಕಿ ಒಳಗ ಕುಂತು ಹಾಡಿದ್ದು ಬೇ, ತಂತ್ಯಾಗ ಬಂತು!" ಎಂದ ಕಾಕಾ.

"ಸುಮ್ಮನಿರೋ ಯಪ್ಪಾ. ಉರಿಯಾಗ ಹೊಕ್ಕು ಹಾಡಿ ಬಂದ್ರೂ ಒಂದು ಕೂದ್ಲಾ ಸುಟ್ಟಿಲ್ಲ ಈಕೀದು!"

ಹಿಂದೆಯೇ ಹುಡುಗನ ತಾಯಿಯೂ ಬಿದ್ದಳು. ಗೆದ್ದೆವೆಂದೇ ನಾವು ಅಂದುಕೊಂಡೆವು.

ಮರುದಿನ ಸಂಬಂಧ ತಂದಿದ್ದ ಮಾಮಾ ಬಂದು ಹೊಸ್ತಿಲಲ್ಲೇ ನಿಂತ. "ಹುಡುಗಿ ಬಂಗಾರದಂಥಾಕಿ ಅಂತಾರ. ಆದ್ರ ಅತ್ತಿ ಆಗಾಕಿನಽ ಕಾಲಿಗೆ ಬಿದ್ದಾಳ. ಇನ್ನ ಅಂಥಾಕಿ ಕಡಿಂದ ಸೆಗಣಿ ಬಾಚಸೂದು ಹ್ಯಾಂಗ, ಅಂತಾರ."

ಅಕ್ಕ ಜೋಳದ ಹಿಟ್ಟು ನಾದುತ್ತ ಕೇಳಿಸಿಕೊಂಡಳು. "ಬಾಚತಿದ್ನಿ," ಎಂದಳು, ನನಗಷ್ಟೇ ಕೇಳುವಂತೆ. ಅಳಲಿಲ್ಲ. ನಾನೂ ಅಳಲಿಲ್ಲ, ಎದುರಿಗೆ ಕೂತು ಬಿಸಿ ರೊಟ್ಟಿ ತಿಂದೆ.

ಅಡಿಗೆಮನೆಯ ಹಾಡು ಅಂದಿಗೆ ನಿಂತಿತು. ಮುಂದೆ ಬೇರೆ ಕಡೆ ಅವಳ ಮದುವೆಯಾಯಿತು. ಅವಳಿಗೆ ಹಾಡಲು ಬರುತ್ತದೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ನಾನು ಕಾನ್ವೆಂಟಿಗೆ ಹೋದೆ, ಸಿಸ್ಟರ್‌ಗಳ ಪಿಯಾನೋ ಕೇಳಿದೆ. ಈಗ ಮೊಮ್ಮಕ್ಕಳ ಮೊಬೈಲಿನಲ್ಲಿ ಯಾರ ದನಿ ಬೇಕಾದರೂ ಸಿಗುತ್ತದೆ. ಅಕ್ಕನದು ಸಿಗುವುದಿಲ್ಲ, ಯಾರೂ ರೆಕಾರ್ಡ್ ಮಾಡಲಿಲ್ಲ. ಕೇಳಿದವರೆಲ್ಲ ಹೋದರು, ಅಕ್ಕನೂ ಹೋದಳು. ನನಗೆ ಆ ಹಾಡಿನ ಸಾಲುಗಳು ನೆನಪಿವೆ, ದನಿ ನೆನಪಿಲ್ಲ.